ಪೈಪ್‌ಲೈನ್ ತಪಾಸಣೆ: ಕಡತ ಸರಿಯಿದ್ದರೆ ಪೈಪೂ ಸರಿಯಿದೆಯೇ?

ಅಮೆರಿಕದಲ್ಲಿ ಕಚ್ಚಾತೈಲ ಮತ್ತು ಪೆಟ್ರೋಲ್ ಸಾಗಿಸುವ ಪೈಪ್‌ಲೈನ್ ಕಂಪನಿಯೊಂದರ ನಿಯಮಪಾಲನೆ ವಿಭಾಗಕ್ಕೆ ಸೇರುತ್ತಿದ್ದೇನೆ ಎಂದು ಬರೆದಿದ್ದೀರಿ. ಸರ್ಕಾರದ ತಪಾಸಕರು ಬಂದಾಗ ಏನು ನೋಡುತ್ತಾರೆ, ದಾಖಲೆಗಳೆಲ್ಲ ಸರಿಯಿದ್ದರೆ ಪೈಪು ಸುರಕ್ಷಿತ ಎಂದುಕೊಳ್ಳಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ಅದೇ ದೇಶದಲ್ಲಿ, ಅದೇ ಬಗೆಯ ಪೈಪುಗಳ ತುಕ್ಕು ಮತ್ತು ಬಿರುಕುಗಳನ್ನು ಲೆಕ್ಕ ಹಾಕುವ ಕೆಲಸದಲ್ಲಿದ್ದೇನೆ. ಎರಡನೆಯ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ: ಹಾಗೆಂದುಕೊಳ್ಳಬೇಡಿ. ಏಕೆ ಎಂಬುದಕ್ಕೆ ಮೊದಲನೆಯ ಪ್ರಶ್ನೆಯಿಂದ ಹೊರಡಬೇಕು.

ಇಲ್ಲಿನ ನಿಯಂತ್ರಕ ಸಂಸ್ಥೆ ಸಾರಿಗೆ ಇಲಾಖೆಯ ಅಡಿಯಲ್ಲಿರುವ ಪೈಪ್‌ಲೈನ್ ಮತ್ತು ಅಪಾಯಕಾರಿ ವಸ್ತುಗಳ ಸುರಕ್ಷತಾ ಆಡಳಿತ; ಈ ವೃತ್ತಿಯವರೆಲ್ಲ ಅದನ್ನು ‘ಫಿಮ್ಸಾ’ ಎನ್ನುತ್ತಾರೆ. ಅಪಾಯಕಾರಿ ದ್ರವಗಳ ಪೈಪುಗಳಿಗೆ ಅನ್ವಯಿಸುವುದು ಫೆಡರಲ್ ನಿಯಮಾವಳಿಯ 49ನೇ ಶೀರ್ಷಿಕೆಯ 195ನೇ ಭಾಗ. ನೈಸರ್ಗಿಕ ಅನಿಲಕ್ಕೆ 192ನೇ ಭಾಗವಿದೆ, ಅದರ ಗೊಡವೆ ನಿಮಗೆ ಸದ್ಯಕ್ಕೆ ಬೇಡ. ಕೆಲವು ರಾಜ್ಯಗಳಲ್ಲಿ ರಾಜ್ಯದ ಅಧಿಕಾರಿಗಳೂ ತಪಾಸಣೆ ನಡೆಸುತ್ತಾರೆ.

ತಪಾಸಕರು ಮೊದಲು ಕೇಳುವುದು ದಿನಾಂಕಗಳನ್ನು. ಪೈಪು ಹಾದುಹೋಗುವ ದಾರಿಯನ್ನು ವರ್ಷಕ್ಕೆ ಕನಿಷ್ಠ 26 ಬಾರಿ ನೋಡಿರಬೇಕು, ಎರಡು ನೋಟಗಳ ನಡುವೆ 3 ವಾರ ಮೀರಿರಬಾರದು. ಬಹುತೇಕ ಕಂಪನಿಗಳು ಇದನ್ನು ಚಿಕ್ಕ ವಿಮಾನದಿಂದ ಮಾಡಿಸುತ್ತವೆ. ಮುಖ್ಯ ವಾಲ್ವ್‌ಗಳನ್ನು ವರ್ಷಕ್ಕೆ ಎರಡು ಬಾರಿ ಪರೀಕ್ಷಿಸಬೇಕು, ನಡುವಿನ ಅಂತರ ಏಳೂವರೆ ತಿಂಗಳು ದಾಟಬಾರದು. ಪೈಪಿಗೆ ಸಣ್ಣ ವಿದ್ಯುತ್ ಪ್ರವಾಹ ಹರಿಸಿ ತುಕ್ಕು ತಡೆಯುವ ಕ್ಯಾಥೋಡಿಕ್ ಸಂರಕ್ಷಣೆಯ ಪರೀಕ್ಷೆ ಕ್ಯಾಲೆಂಡರ್ ವರ್ಷಕ್ಕೆ ಒಮ್ಮೆ, 15 ತಿಂಗಳು ಮೀರದಂತೆ.

ಈ ಕೊನೆಯ ಮಾತಿನಲ್ಲಿ ಹೊಸಬರು ಎಡವುತ್ತಾರೆ, ಏಕೆಂದರೆ ಅದರಲ್ಲಿ ಎರಡು ಷರತ್ತುಗಳಿವೆ. 2022ರ ನವೆಂಬರಿನಲ್ಲಿ ಒಮ್ಮೆ, 2024ರ ಜನವರಿಯಲ್ಲಿ ಇನ್ನೊಮ್ಮೆ ಅಳೆದಿದ್ದೀರಿ ಎನ್ನಿ. ಅಂತರ 14 ತಿಂಗಳು, ಚಿಂತೆಯಿಲ್ಲ ಅನ್ನಿಸುತ್ತದೆ. ಆದರೆ 2023 ಪೂರ್ತಿ ಖಾಲಿ ಬಿದ್ದಿದೆ, ಅದು ಉಲ್ಲಂಘನೆ. 2023ರ ಜನವರಿ ಮತ್ತು 2024ರ ಮೇ ತಿಂಗಳಲ್ಲಿ ಅಳೆದಿದ್ದರೆ ಪ್ರತಿ ವರ್ಷಕ್ಕೂ ಒಂದೊಂದು ದಾಖಲೆ ಇದೆ, ಅಂತರ ಮಾತ್ರ 16 ತಿಂಗಳು. ಅದೂ ಉಲ್ಲಂಘನೆಯೇ. ಇಂಥವನ್ನು ಒಳ್ಳೆಯ ತಂತ್ರಾಂಶವೇ ಹಿಡಿದುಕೊಡುತ್ತದೆ, ಇದಕ್ಕಾಗಿ ನೀವು ನಿದ್ದೆಗೆಡಬೇಕಿಲ್ಲ.

ದಿನಾಂಕ ಸರಿಯಿದ್ದೂ ದಾಖಲೆ ಟೊಳ್ಳಾಗಿರಬಹುದು. ಕ್ಯಾಥೋಡಿಕ್ ಸಂರಕ್ಷಣೆಗೆ ವಿದ್ಯುತ್ ಒದಗಿಸುವ ರೆಕ್ಟಿಫೈಯರ್ ಎಂಬ ಪೆಟ್ಟಿಗೆ ಪೈಪಿನ ದಾರಿಯುದ್ದಕ್ಕೂ ಅಲ್ಲಲ್ಲಿ ಕಂಬಕ್ಕೆ ತೂಗಿಕೊಂಡಿರುತ್ತದೆ. ಅದನ್ನು ವರ್ಷಕ್ಕೆ 6 ಬಾರಿ, ಎರಡೂವರೆ ತಿಂಗಳಿಗಿಂತ ಹೆಚ್ಚು ಅಂತರ ಬಿಡದೆ ನೋಡಬೇಕು. ನಾನು ಕಂಡ ಒಬ್ಬ ತಪಾಸಕರು ಆ ಕಡತ ತೆರೆದರೆ ದಿನಾಂಕದ ಅಂಕಣವನ್ನು ಕೈಯಿಂದ ಮುಚ್ಚಿ, ವೋಲ್ಟ್ ಮತ್ತು ಆಂಪಿಯರ್ ಅಂಕಣಗಳನ್ನು ಮಾತ್ರ ಮೇಲಿನಿಂದ ಕೆಳಗೆ ಓದುತ್ತಿದ್ದರು. ಮಣ್ಣಿನ ತೇವ ಮಳೆಗಾಲದಲ್ಲಿ ಒಂದು ಬಗೆ, ಬೇಸಿಗೆಯಲ್ಲಿ ಇನ್ನೊಂದು ಬಗೆ. ಅದಕ್ಕೆ ತಕ್ಕಂತೆ ವಿದ್ಯುತ್ ಪ್ರವಾಹ ಏರಿಳಿಯಲೇಬೇಕು. ಸಾಮಾನ್ಯ ಪೆಟ್ಟಿಗೆಯೊಂದರ ವರ್ಷದ ಆರೂ ಸಾಲುಗಳಲ್ಲಿ ಅದೇ ಅಂಕಿ, ಅದೇ ಶಾಯಿ ಇದ್ದರೆ ಅವರು ಕಡತ ಮಡಚಿ, ‘ಇದನ್ನು ಹೋಗಿ ನೋಡೋಣ’ ಎಂದು ಎದ್ದುಬಿಡುತ್ತಿದ್ದರು. ಸ್ಥಳದಲ್ಲಿ ತಂತ್ರಜ್ಞರ ಕೈಯಿಂದಲೇ ತಾಮ್ರದ ಸಲ್ಫೇಟಿನ ಉಲ್ಲೇಖ ಕಡ್ಡಿಯನ್ನು ನೆಲಕ್ಕೆ ಊರಿಸಿ, ಮೀಟರನ್ನು ಪರೀಕ್ಷಾ ತಂತಿಗೆ ಜೋಡಿಸಿ ಅಳೆಯಲು ಹೇಳುತ್ತಿದ್ದರು. ಮಣ್ಣಿಗೆ ಹೋಲಿಸಿದಾಗ ಪೈಪಿನ ವೋಲ್ಟೇಜಿಗೆ ಸಾಮಾನ್ಯವಾಗಿ ಬಳಸುವ ಮಾನದಂಡ ಋಣ 850 ಮಿಲಿವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಋಣ. ಅಲ್ಲಿ ಅವರು ಅಂಕಿಯ ಜೊತೆಗೆ ಅಳೆಯುವವನ ಕೈಯನ್ನೂ ನೋಡುತ್ತಿದ್ದರು: ರೂಢಿಯಿದೆಯೇ, ಏನು ಅಳೆಯುತ್ತಿದ್ದಾನೆಂದು ಅವನಿಗೆ ತಿಳಿದಿದೆಯೇ ಎಂದು.

ಇನ್ನೊಂದು ಬಲೆ ಕಂಪನಿಯೇ ಹೆಣೆದುಕೊಳ್ಳುವಂಥದ್ದು. ನಿಯಮದ ಪ್ರಕಾರ ಪ್ರತಿ ಕಂಪನಿಗೂ ಲಿಖಿತ ಕಾರ್ಯವಿಧಾನದ ಕೈಪಿಡಿ ಇರಬೇಕು, ಅದರಂತೆಯೇ ನಡೆಯಬೇಕು. ಯಾರೋ ಉತ್ಸಾಹಿ ಅಧಿಕಾರಿ ಕೈಪಿಡಿಯಲ್ಲಿ ‘ಪ್ರತಿ ತಿಂಗಳೂ ನೋಡುತ್ತೇವೆ’ ಎಂದು ಬರೆದರೆ, ಫೆಡರಲ್ ನಿಯಮ ಎರಡೂವರೆ ತಿಂಗಳ ಅವಕಾಶ ಕೊಟ್ಟಿದ್ದರೂ ತಪಾಸಕರು ಪ್ರತಿ ತಿಂಗಳ ಲೆಕ್ಕವನ್ನೇ ಕೇಳುತ್ತಾರೆ. ಹಾಗೆಂದು ಕೈಪಿಡಿಯನ್ನು ಕನಿಷ್ಠ ಮಟ್ಟಕ್ಕೆ ಇಳಿಸಿ ಎಂದು ಸಲಹೆ ಕೊಡುವ ವಕೀಲರು ಸಿಗುತ್ತಾರೆ. ನನಗೆ ಆ ಸಲಹೆ ಒಪ್ಪಿಗೆಯಿಲ್ಲ. ಮಾಡುವುದನ್ನು ಬರೆಯಿರಿ, ಬರೆದದ್ದನ್ನು ಮಾಡಲು ಜನ ಕೊಡಿ ಎಂದು ಮೇಲಿನವರಿಗೆ ಕೇಳುವುದು ನಿಮ್ಮ ವಿಭಾಗದ ಕೆಲಸ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಪೈಪಿನ ಒಳಗೆ ದ್ರವದ ಜೊತೆಗೇ ಸಾಗುತ್ತ ಗೋಡೆಯನ್ನು ಅಳೆಯುವ ಉಪಕರಣವನ್ನು ಸ್ಮಾರ್ಟ್ ಪಿಗ್ ಎನ್ನುತ್ತಾರೆ. ಒಂದು ಬಗೆಯದು ಗೋಡೆಯನ್ನು ಕಾಂತೀಯಗೊಳಿಸಿ, ಲೋಹ ಸವೆದ ಕಡೆ ಹೊರಚೆಲ್ಲುವ ಕಾಂತಕ್ಷೇತ್ರವನ್ನು ದಾಖಲಿಸುತ್ತದೆ. ಬಿರುಕುಗಳಿಗೆ ಹೆಚ್ಚಾಗಿ ಅಲ್ಟ್ರಾಸೌಂಡ್ ಬಳಸುತ್ತಾರೆ. ಜನವಸತಿ, ಕುಡಿಯುವ ನೀರಿನ ಮೂಲ, ಹಡಗು ಸಾಗುವ ನದಿಗಳಂತಹ ಸೂಕ್ಷ್ಮ ಪ್ರದೇಶಗಳಿಗೆ ಹಾನಿ ಮಾಡಬಲ್ಲ ಪೈಪುಗಳನ್ನು ಹೀಗೆ ಅಥವಾ ಒಪ್ಪಿತವಾದ ಬೇರೆ ವಿಧಾನದಿಂದ 5 ವರ್ಷಕ್ಕೊಮ್ಮೆ, 68 ತಿಂಗಳು ಮೀರದಂತೆ ಪರೀಕ್ಷಿಸಬೇಕು. ಗೋಡೆಯ ದಪ್ಪದಲ್ಲಿ ಶೇ 80ಕ್ಕಿಂತ ಹೆಚ್ಚು ಸವೆದಿದ್ದರೆ ತಕ್ಷಣ ದುರಸ್ತಿ; ಅಲ್ಲಿಯವರೆಗೆ ಒತ್ತಡ ಇಳಿಸಬೇಕು ಇಲ್ಲವೇ ಪೈಪನ್ನೇ ನಿಲ್ಲಿಸಬೇಕು. ಉಳಿದ ಕೆಲವು ದೋಷಗಳಿಗೆ 60 ದಿನ, ಕೆಲವಕ್ಕೆ 180 ದಿನದ ಗಡುವು.

ಪಿಗ್ ಓಡಿಸಿದ ದಾಖಲೆ ಇಲ್ಲದ ಕಂಪನಿ ಈಗ ಸಿಗುವುದು ಅಪರೂಪ. ಅದು ಕೊಟ್ಟ ಮಾಹಿತಿಯನ್ನು ಓದಿ ಎಲ್ಲಿ ನೆಲ ಅಗೆಯಬೇಕು, ಎಲ್ಲಿ ಬೇಡ ಎಂದು ತೀರ್ಮಾನಿಸುವ ಕೋಣೆಯಲ್ಲೇ ಹಾನಿ ಹುಟ್ಟುತ್ತದೆ. ದೊಡ್ಡ ಅಪಘಾತಗಳ ವರದಿಗಳನ್ನು ಓದಿ ನೋಡಿ.

1999ರ ಜೂನ್ 10ರಂದು ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಒಲಿಂಪಿಕ್ ಪೈಪ್‌ಲೈನ್ ಒಡೆದು, ಸುಮಾರು 2,37,000 ಗ್ಯಾಲನ್ ಪೆಟ್ರೋಲ್ ಹೊಳೆಗೆ ಹರಿದು ಹೊತ್ತಿಕೊಂಡಿತು. ಹತ್ತು ವರ್ಷದ ಇಬ್ಬರು ಹುಡುಗರೂ ಹದಿನೆಂಟರ ಒಬ್ಬ ಯುವಕನೂ ಸತ್ತರು. ಪೈಪಿಗೆ ಪೆಟ್ಟು ಬಿದ್ದದ್ದು ವರ್ಷಗಳ ಹಿಂದೆ, ನೀರು ಶುದ್ಧೀಕರಣ ಘಟಕದ ಕಾಮಗಾರಿಯಲ್ಲಿ ಅಗೆಯುವ ಯಂತ್ರ ತಗುಲಿ. ನಂತರದ ಪಿಗ್ ಓಟಗಳು ಆ ಆಸುಪಾಸಿನಲ್ಲಿ ದೋಷವಿದೆ ಎಂದು ತೋರಿಸಿದ್ದವು. ಕಂಪನಿ ಆ ಮಾಹಿತಿಯನ್ನು ಸರಿಯಾಗಿ ಮೌಲ್ಯಮಾಪನ ಮಾಡದೆ, ಅಗೆಯುವುದು ಬೇಡ ಎಂದು ತೀರ್ಮಾನಿಸಿತು.

2010ರ ಜುಲೈನಲ್ಲಿ ಮಿಷಿಗನ್‌ನ ಮಾರ್ಷಲ್ ಬಳಿ ಎನ್‌ಬ್ರಿಡ್ಜ್ ಕಂಪನಿಯ 30 ಇಂಚಿನ ಪೈಪು ಸೀಳಿ, 8 ಲಕ್ಷ ಗ್ಯಾಲನ್‌ಗೂ ಹೆಚ್ಚು ಕಚ್ಚಾತೈಲ ಚೆಲ್ಲಿ ಕಲಮಜೂ ನದಿ ಸೇರಿತು. ಹೊರಹೊದಿಕೆಯ ಟೇಪು ಪೈಪಿನಿಂದ ಬಿಟ್ಟುಕೊಂಡು, ಅದರಡಿ ಬಿರುಕುಗಳು ಬೆಳೆದಿದ್ದವು. 2005ರ ತಪಾಸಣೆಯಲ್ಲಿ ಆ ದೋಷ ದಾಖಲಾಗಿತ್ತು, ಆದರೆ ಅಗೆದು ನೋಡಿರಲಿಲ್ಲ. ಪೈಪು ಸೀಳಿದ ಮೇಲೂ 17 ಗಂಟೆ ಕಂಟ್ರೋಲ್ ರೂಮಿಗೆ ಅದು ಗೊತ್ತಾಗಲಿಲ್ಲ. ಒತ್ತಡ ಕುಸಿದದ್ದನ್ನು ಸೋರಿಕೆಯಲ್ಲ, ಪೈಪಿನೊಳಗೆ ದ್ರವದ ನಡುವೆ ಉಂಟಾದ ಆವಿಯ ಟೊಳ್ಳು ಎಂದು ಅರ್ಥೈಸಿ ಎರಡು ಬಾರಿ ಪಂಪ್ ಚಾಲೂ ಮಾಡಿದರು. ಚೆಲ್ಲಿದ ತೈಲದ ಬಹುಪಾಲು ಆಗಲೇ ಹೊರಬಂದದ್ದು. ಕೊನೆಗೆ ತಿಳಿಸಿದವನು ಬೇರೊಂದು ಅನಿಲ ಕಂಪನಿಯ ನೌಕರ. ಬಿರುಕುಗಳ ಬಗ್ಗೆ ಆಗಿನ ನಿಯಮವೇ ಅಸ್ಪಷ್ಟವಾಗಿತ್ತು ಎಂದು ತನಿಖೆ ನಡೆಸಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಬರೆಯಿತು. ‘ನಿಯಮ ಪಾಲಿಸಿದ್ದೇವೆ’ ಎಂಬ ಮಾತು ಎಷ್ಟು ತೆಳು ಎಂಬುದಕ್ಕೆ ನಾನು ಯಾವಾಗಲೂ ತೋರಿಸುವ ಉದಾಹರಣೆ ಇದು.

ನನ್ನನ್ನು ಹೆಚ್ಚು ಕಾಡುವುದು ಮೂರನೆಯದು. 2015ರ ಮೇ 19ರಂದು ಕ್ಯಾಲಿಫೋರ್ನಿಯಾದ ರೆಫ್ಯೂಜಿಯೋ ಕಡಲತೀರದ ಬಳಿ ಪ್ಲೇನ್ಸ್ ಕಂಪನಿಯ ಪೈಪು ತುಕ್ಕಿನಿಂದ ಒಡೆಯಿತು. ಎರಡು ವಾರ ಹಿಂದೆ, ಮೇ 5ರಂದು, ಅದೇ ಪೈಪಿನಲ್ಲಿ ಪಿಗ್ ಓಡಿತ್ತು. ಒಡೆದ ಜಾಗದಲ್ಲಿ ಪಿಗ್ ಮಾಹಿತಿ ಹೇಳಿದ ಸವೆತ ಶೇ 47. ಪೈಪನ್ನು ಹೊರತೆಗೆದು ಅಳೆದಾಗ ಸಿಕ್ಕದ್ದು ಶೇ 89. ಮೇಲೆ ಹೇಳಿದ ಶೇ 80ರ ಗೆರೆಯನ್ನು ನೆನಪಿಸಿಕೊಳ್ಳಿ: ಕಾಗದದ ಮೇಲೆ ಆ ಜಾಗ ಗೆರೆಯಿಂದ ಬಹಳ ಈಚೆಗಿತ್ತು, ನೆಲದಡಿ ಗೆರೆ ದಾಟಿ ಆಗಿತ್ತು. ಅದು ಶಾಖ ನಿರೋಧಕ ಹೊದಿಸಿದ ಪೈಪು; ಹೊದಿಕೆಯಡಿ ನೀರು ಸೇರಿದರೆ ಕ್ಯಾಥೋಡಿಕ್ ಸಂರಕ್ಷಣೆ ಅಲ್ಲಿಗೆ ತಲುಪುವುದಿಲ್ಲ. 2018ರಲ್ಲಿ ಸಾಂತಾ ಬಾರ್ಬರಾದ ಜ್ಯೂರಿ ಪೈಪನ್ನು ಸರಿಯಾಗಿ ನಿರ್ವಹಿಸದ್ದಕ್ಕೆ ಕಂಪನಿಯನ್ನು ಕ್ರಿಮಿನಲ್ ಅಪರಾಧಿ ಎಂದು ತೀರ್ಮಾನಿಸಿತು.

ಆದ್ದರಿಂದ ಉಪಕರಣದ ಅಂಕಿಯನ್ನು ಗುಂಡಿಯಲ್ಲಿ ಪರೀಕ್ಷಿಸಲೇಬೇಕು. ಗುಂಡಿ ತೋಡಿ, ಹೊದಿಕೆ ಕೆರೆದು, ಮರಳು ಚಿಮ್ಮಿಸಿ ಲೋಹ ಬೆಳಗಿಸಿದ ಮೇಲೆ ತಂತ್ರಜ್ಞ ಪ್ರತಿ ಕುಳಿಯ ಆಳವನ್ನು ಮಾಪಕದಿಂದ ಅಳೆದು ಪೈಪಿನ ಮೇಲೆಯೇ ಬಣ್ಣದಲ್ಲಿ ಬರೆಯುತ್ತಾನೆ. ಆ ಅಂಕಿಗಳನ್ನು ಪಿಗ್ ಹೇಳಿದ ಅಂಕಿಗಳ ಪಕ್ಕದಲ್ಲಿಟ್ಟರೆ, ಉಪಕರಣ ಯಾವ ಬಗೆಯ ದೋಷವನ್ನು ಕಡಿಮೆ ಅಳೆಯುತ್ತಿದೆ ಎಂಬುದು ಕಾಣುತ್ತದೆ. ಕಡಿಮೆ ಅಳೆಯುತ್ತಿದ್ದರೆ ಅಗೆಯುವ ಪಟ್ಟಿಯನ್ನೇ ಮತ್ತೆ ಮಾಡಬೇಕಾಗುತ್ತದೆ. ಅದಕ್ಕೆ ಹಣ ಬೇಕು, ಜಮೀನಿನ ಮಾಲೀಕರ ಒಪ್ಪಿಗೆ ಬೇಕು, ಒತ್ತಡ ಇಳಿಸಿದರೆ ಆದಾಯಕ್ಕೆ ಹೊಡೆತ. ಎಲ್ಲ ಕಂಪನಿಗಳಲ್ಲೂ ಈ ಹಂತದಲ್ಲೇ ಸಭೆಗಳು ಉದ್ದವಾಗುತ್ತವೆ.

ದಂಡದ ಬಗ್ಗೆಯೂ ಕೇಳಿದ್ದಿರಿ. ಸಣ್ಣದಕ್ಕೆ ಎಚ್ಚರಿಕೆ ಪತ್ರ, ದೊಡ್ಡದಕ್ಕೆ ಸಂಭವನೀಯ ಉಲ್ಲಂಘನೆಯ ನೋಟಿಸ್, ಕಾರ್ಯವಿಧಾನ ತಿದ್ದಲು ಬೇರೆ ನೋಟಿಸ್, ಅಪಾಯ ಕಣ್ಣೆದುರಿಗಿದ್ದರೆ ಪೈಪನ್ನೇ ನಿಲ್ಲಿಸಬಲ್ಲ ಆದೇಶ. ಕಂಪನಿಗಳು ನಿಜವಾಗಿ ಹೆದರುವುದು ಆ ಕೊನೆಯದಕ್ಕೆ. ಸೋರಿಕೆ ದೊಡ್ಡದಾಗಿದ್ದರೆ, ಅದು ಖಚಿತವಾಗಿ ತಿಳಿದ ಒಂದು ಗಂಟೆಯೊಳಗೆ ರಾಷ್ಟ್ರೀಯ ಪ್ರತಿಕ್ರಿಯಾ ಕೇಂದ್ರಕ್ಕೆ ಫೋನ್ ಹೋಗಬೇಕು, 30 ದಿನದಲ್ಲಿ ಲಿಖಿತ ವರದಿ ಸಲ್ಲಿಸಬೇಕು. ಇದನ್ನು ಮಾತ್ರ ಕಣ್ಣುಮುಚ್ಚಿ ಹೇಳುವಷ್ಟು ಬಾಯಿಪಾಠ ಮಾಡಿಕೊಳ್ಳಿ.

ಕೆಲಸಕ್ಕೆ ಸೇರಿದ ಮೊದಲ ವಾರ ಮೂರು ಕಾಗದ ಕೇಳಿ ಪಡೆಯಿರಿ: ಕೊನೆಯ ಪಿಗ್ ಓಟದ ದೋಷಗಳ ಪಟ್ಟಿ, ಅದರಲ್ಲಿ ಅಗೆದವುಗಳ ಪಟ್ಟಿ, ಗುಂಡಿಯಲ್ಲಿ ಅಳೆದ ಆಳಗಳ ಪಟ್ಟಿ. ಈ ಮೂರೂ ಒಂದೇ ಮೇಜಿನ ಮೇಲೆ ಸಿಕ್ಕರೆ ನೀವು ಒಳ್ಳೆಯ ಕಂಪನಿಗೆ ಸೇರಿದ್ದೀರಿ. ಮೂರು ವಿಭಾಗಗಳಿಂದ ಮೂರು ಬೇರೆ ಬೇರೆ ಫೈಲುಗಳಾಗಿ ಬಂದರೆ, ಅವುಗಳನ್ನು ಜೋಡಿಸುವ ಹೊಣೆ ಯಾರದೆಂದು ನಿಮ್ಮ ವ್ಯವಸ್ಥಾಪಕರನ್ನು ಬರವಣಿಗೆಯಲ್ಲಿ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆದುಕೊಳ್ಳಿ.