ಮೂವರು ಅಧ್ಯಕ್ಷರು, ಒಂದೇ ತಾರೀಖು

ಪ್ರಶ್ನೆ: ಅಮೆರಿಕದ ಮೂವರು ಅಧ್ಯಕ್ಷರು ಜುಲೈ 4ರಂದೇ ತೀರಿಕೊಂಡರಂತೆ. ನಿಜವೋ, ಸುಮ್ನೆ ಕಟ್ಟಿದ ಕತೆಯೋ?
– ಓದುಗರೊಬ್ಬರು, ಸಾಗರ

ಉತ್ತರ: ನಿಜ ಮಾರಾಯ್ರೆ. ತೀರ್ಥಹಳ್ಳಿಯಲ್ಲಿ ಮೇಷ್ಟ್ರಾಗಿದ್ದಾಗ ಇದನ್ನು ಹೇಳಿದರೆ ಹುಡುಗರು ನಗುತ್ತಿದ್ದರು. ಹೊರಗೆ ಜುಲೈ ಮಳೆ, ಹೆಂಚಿನ ಸದ್ದಿಗೆ ನನ್ನ ದನಿ ಅರ್ಧ ಕೇಳಿಸುತ್ತಲೂ ಇರಲಿಲ್ಲ!

1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆಗೆ ಒಪ್ಪಿಗೆ ಸಿಕ್ಕಿತು. ಕರಡು ಬರೆದವರು ಥಾಮಸ್ ಜೆಫರ್ಸನ್. ಅದರ ಪರ ಗಟ್ಟಿಯಾಗಿ ವಾದಿಸಿದವರು ಜಾನ್ ಆಡಮ್ಸ್. 1800ರ ಚುನಾವಣೆಯ ನಂತರ ಇಬ್ಬರಿಗೂ ಮಾತು ಬಿಟ್ಟುಹೋಯಿತು. 1812ರಲ್ಲಿ ಕಾಗದ ಬರೆದುಕೊಂಡು ಮತ್ತೆ ಒಂದಾದರು. ಸರಿಯಾಗಿ 50 ವರ್ಷಕ್ಕೆ, 1826ರ ಜುಲೈ 4ರಂದು, 83ರ ಜೆಫರ್ಸನ್ ವರ್ಜೀನಿಯಾದಲ್ಲಿ ಮಧ್ಯಾಹ್ನ ತೀರಿಕೊಂಡರು. ಸಂಜೆ ಮ್ಯಾಸಚೂಸೆಟ್ಸ್‌ನಲ್ಲಿ 90ರ ಆಡಮ್ಸ್. 'ಜೆಫರ್ಸನ್ ಇನ್ನೂ ಇದ್ದಾರೆ' ಅಂದರಂತೆ ಆಡಮ್ಸ್, ಕೊನೆಗಳಿಗೆಯಲ್ಲಿ. ಫೋನಿಲ್ಲದ ಕಾಲ, ಗೊತ್ತಾಗುವುದು ಹೇಗೆ, ಅಲ್ವಾ?

ಮೂರನೆಯವರು ಜೇಮ್ಸ್ ಮನ್ರೋ, 1831ರಲ್ಲಿ. ಕ್ಯಾಲ್ವಿನ್ ಕೂಲಿಜ್ ಮಾತ್ರ ಅದೇ ತಾರೀಖು ಹುಟ್ಟಿದವರು, 1872ರಲ್ಲಿ.

ತಮಾಷೆ ಏನೆಂದರೆ, ಜನ ಜುಲೈ 2ನ್ನು ಹಬ್ಬವಾಗಿ ಆಚರಿಸುತ್ತಾರೆ ಎಂದು ಆಡಮ್ಸ್ ಹೆಂಡತಿಗೆ ಬರೆದಿದ್ದರು. ಸ್ವಾತಂತ್ರ್ಯದ ಪರ ಮತ ಬಿದ್ದದ್ದು ಆ ದಿನವೇ.

ನಮ್ಮ ಅಜ್ಜಿ ಹೋದದ್ದೂ ಜುಲೈ 4ಕ್ಕೇ. ಆದರೆ ನಾವು ನೋಡುವುದು ತಿಥಿ. ಹಾಗಾಗಿ ಅಡಿಕೆ ಮಂಡಿಯ ಕ್ಯಾಲೆಂಡರಿನಲ್ಲಿ ನಾನು ಹಾಕುವ ಗುರುತು ವರ್ಷಕ್ಕೊಂದು ಕಡೆ ಇರುತ್ತದೆ.