ನೆರೆಮನೆಯ ಹುಡುಗ ಇಂಗ್ಲಿಷ್ ಓದುತ್ತಾನೆ, ನಮ್ಮ ಮಗಳ ಶಾಲೆ ಬದಲಿಸಬೇಕೇ?

ಪ್ರಶ್ನೆ: ನಾವು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಹಳ್ಳಿಯವರು. ಮಗಳು ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ 3ನೇ ತರಗತಿಯಲ್ಲಿದ್ದಾಳೆ. ವ್ಯಾನಿನಲ್ಲಿ ರೋಣದ ಖಾಸಗಿ ಶಾಲೆಗೆ ಹೋಗುವ ನೆರೆಮನೆಯ ಹುಡುಗ ಇಂಗ್ಲಿಷ್ ಪಾಠವನ್ನು ಸರಾಗವಾಗಿ ಓದುತ್ತಾನೆ. ಸಾಲ ಮಾಡಿಯಾದರೂ ಮಗಳನ್ನು ಅಲ್ಲಿಗೆ ಸೇರಿಸಬೇಕೇ?

ಉತ್ತರ: ಇಬ್ಬರು ಮಕ್ಕಳಲ್ಲಿ ಕಾಣುವ ವ್ಯತ್ಯಾಸವೆಲ್ಲ ಶಾಲೆಯಿಂದಲೇ ಬಂದದ್ದಲ್ಲ. ಶುಲ್ಕ ಕಟ್ಟಬಲ್ಲ ಮನೆಗಳಲ್ಲಿ ಬಹುಮಟ್ಟಿಗೆ ಓದಿದ ತಂದೆತಾಯಿ, ಪುಸ್ತಕ, ಟ್ಯೂಷನ್ ಕೂಡ ಇರುತ್ತವೆ. ಅವುಗಳ ಫಲವನ್ನೂ ನಾವು ಶಾಲೆಯ ಖಾತೆಗೇ ಜಮಾ ಮಾಡಿಬಿಡುತ್ತೇವೆ. 2005ರಿಂದ ಹಳ್ಳಿಯ ಮಕ್ಕಳ ಮನೆಗೇ ಹೋಗಿ ಓದು ಮತ್ತು ಲೆಕ್ಕವನ್ನು ಪರೀಕ್ಷಿಸುತ್ತಿರುವ ‘ಅಸರ್’ ಸಮೀಕ್ಷೆಯಲ್ಲಿ ಖಾಸಗಿ ಶಾಲೆಯ ಮಕ್ಕಳು ಸಾಮಾನ್ಯವಾಗಿ ಮುಂದಿರುವಂತೆ ಕಂಡರೂ, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ಹಿಡಿದಾಗ ಆ ಅಂತರ ಬಹಳಷ್ಟು ಕುಗ್ಗುತ್ತದೆ.

ಈ ಗಂಟನ್ನು ಚೆನ್ನಾಗಿ ಬಿಡಿಸಿದ್ದು ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿ, 2015ರಲ್ಲಿ ಪ್ರಕಟಿಸಿದ ಅಧ್ಯಯನ. ಅಲ್ಲಿ ಅರ್ಜಿ ಹಾಕಿದ ಮಕ್ಕಳಲ್ಲಿ ಲಾಟರಿ ಎತ್ತಿ, ಆಯ್ಕೆಯಾದವರ ಖಾಸಗಿ ಶಾಲೆಯ ಖರ್ಚನ್ನು ಭರಿಸಲಾಯಿತು. ನಾಲ್ಕು ವರ್ಷಗಳ ನಂತರ ತೆಲುಗು ಮತ್ತು ಗಣಿತದಲ್ಲಿ ಎರಡೂ ಗುಂಪಿನವರು ಸರಿಸಮವಾಗಿದ್ದರು. ಖಾಸಗಿಗೆ ಹೋದವರು ಸ್ಪಷ್ಟವಾಗಿ ಮುಂದಿದ್ದದ್ದು ಹಿಂದಿಯಲ್ಲಿ. ಹಾಗೆಂದು ಖಾಸಗಿ ಶಾಲೆಗಳನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ, ಏಕೆಂದರೆ ಅವು ತೆಲುಗು, ಗಣಿತಕ್ಕೆ ಕಡಿಮೆ ಅವಧಿ ಕೊಟ್ಟು, ಪ್ರತಿ ಮಗುವಿಗೆ ಸರ್ಕಾರ ಮಾಡುವ ವೆಚ್ಚದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಹಣದಲ್ಲಿ ಅಷ್ಟನ್ನು ಸಾಧಿಸಿದ್ದವು.

ಆದ್ದರಿಂದ ಮೊದಲು ಮಗಳನ್ನೇ ಪರೀಕ್ಷಿಸಿ. ಹಿಂದೆಂದೂ ನೋಡಿರದ 2ನೇ ತರಗತಿ ಮಟ್ಟದ ಕನ್ನಡ ಕಥೆಯೊಂದನ್ನು ಓದಿಸಿ, ಅದನ್ನು ತನ್ನ ಮಾತಿನಲ್ಲಿ ಹೇಳಲು ತಿಳಿಸಿ. ದಶಕ ಪಡೆದು ಕಳೆಯುವ ಎರಡಂಕಿ ಲೆಕ್ಕವೊಂದನ್ನು ಮಾಡಿಸಿ. ನೆರೆಮನೆಯ ಹುಡುಗನೂ ಓದಿದ ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ವಿವರಿಸಬಲ್ಲನೇ ಎಂದು ಕೇಳಿ ನೋಡಿ. ಅರ್ಥವಾಗದ ಭಾಷೆಯಲ್ಲಿ ಅಕ್ಷರ ಕೂಡಿಸಿ ಓದುವುದನ್ನೇ ಕಲಿಕೆಯೆಂದು ನಂಬಿ ಅನೇಕ ತಂದೆತಾಯಿಗಳು ಸಾಲಕ್ಕೆ ಸಿಲುಕುವುದು ನನಗೆ ನಿಜವಾಗಿ ನೋವು ತರುತ್ತದೆ.

ಮಗಳು ಇವನ್ನು ಮಾಡಿದರೆ ಶಾಲೆ ಬದಲಿಸಬೇಡಿ. ಮಾಡದಿದ್ದರೆ, ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ವಿಧಾನವಾದ ನಲಿ-ಕಲಿಯ ಕಲಿಕಾ ಏಣಿಯಲ್ಲಿ (ಹಂತಹಂತದ ಕಲಿಕೆಯ ಪಟ್ಟಿ) ಅವಳು ಎಲ್ಲಿ ನಿಂತಿದ್ದಾಳೆಂದು ಶಿಕ್ಷಕರನ್ನು ಕೇಳಿ. ಶಿಕ್ಷಕರ ಹುದ್ದೆಯೇ ಖಾಲಿಯಿದ್ದರೆ ಅದು ಗಂಭೀರ ಕೊರತೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರಿರಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಇದನ್ನು ಎತ್ತಿ, ಠರಾವು ಬರೆಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.