ಭೂಮಿ ಮೆಣಸಿನ ಕಾಳಾದರೆ ಆರಿದ್ರಾ ನಕ್ಷತ್ರ ಎಷ್ಟು ದೊಡ್ಡದು?

ಸೂರ್ಯನ 700 ಪಟ್ಟು ಅಗಲದ ನಕ್ಷತ್ರ ಇದೆಯಂತೆ, ತೂಕವೂ ಅಷ್ಟೇ ಹೆಚ್ಚಾ, ಚಿಕ್ಕಮಗಳೂರಿನ ನಮ್ಮ ಶಾಲೆ ಮಕ್ಕಳಿಗೆ ಮೈದಾನದಲ್ಲಿ ತೋರಿಸೋದು ಹೇಗೆ ಅಂತ ಕೇಳಿದ್ದೀರಿ. ತೂಕದ ಮಾತು ಆಮೇಲೆ, ಮೊದಲು ಮೈದಾನ.

ಕಾಳುಮೆಣಸನ್ನು ನಿಮ್ಮೂರಲ್ಲಿ ಹುಡುಕಬೇಕಿಲ್ಲ. ಹತ್ತು ಸಾಲಾಗಿಟ್ಟರೆ 5 ಸೆಂ.ಮೀ. ಬರುವಂಥ ಕಾಳು ಆರಿಸಿ. ಅದರಲ್ಲೊಂದು ಭೂಮಿ. 55 ಸೆಂ.ಮೀ. ಅಗಲದ ದುಂಡು ರಟ್ಟು ಸೂರ್ಯ, ಗೋಡೆಗೆ ಅಂಟಿಸಿ. ಅಲ್ಲಿಂದ 30 ಮೀಟರ್ ಟೇಪನ್ನು ಎರಡು ಸಲ ಎಳೆದು ಒಂದು ಮೀಟರ್ ಹಿಂದೆ ಬಂದರೆ 59 ಮೀಟರ್, ಕಾಳು ಅಲ್ಲಿ. ಬಹಳ ಜನ ಎಡವೋದು ಇಲ್ಲೇ. ಗಾತ್ರ ಸರಿ ಮಾಡಿ, ಚಿತ್ರಪಟದಲ್ಲಿದ್ದ ಹಾಗೆ ಕಾಳನ್ನು ರಟ್ಟಿನ ಪಕ್ಕದಲ್ಲೇ ಇಟ್ಟುಬಿಡುತ್ತಾರೆ. ಅಳತೆ ಸರಿಯಿದ್ದರೆ ಕಾಳಿನ ಜಾಗದಿಂದ ರಟ್ಟು ನಿಜವಾದ ಸೂರ್ಯನಷ್ಟೇ ಕಾಣಬೇಕು: ಅರ್ಧ ಡಿಗ್ರಿ, ಕೈ ಚಾಚಿ ಹಿಡಿದ ಕಿರುಬೆರಳಿನ ಅರ್ಧ ಅಗಲ. (ಸೂರ್ಯನನ್ನೇ ನೋಡಿ ಹೋಲಿಸಲು ಬಿಡಬೇಡಿ, ಹುಣ್ಣಿಮೆ ಚಂದ್ರನೂ ಅಷ್ಟೇ ಅಗಲ.) ಈ ಲೆಕ್ಕದಲ್ಲಿ ಬೆಳಕು ಸೆಕೆಂಡಿಗೆ 12 ಸೆಂ.ಮೀ. ತೆವಳುತ್ತದೆ.

ಪಕ್ಕದ ನಕ್ಷತ್ರ ಹಾಸನ ದಾಟಿದರೂ ಸಿಗೋದಿಲ್ಲ. ಪ್ರಾಕ್ಸಿಮಾ ಸೆಂಟಾರಿ ಸುಮಾರು 15,700 ಕಿ.ಮೀ. ಆಚೆ, ದಕ್ಷಿಣ ಅಮೆರಿಕದ ಚಿಲಿಯ ಆಸುಪಾಸಿನಲ್ಲಿ, ಒಂದು ಮೂಸಂಬಿ ಗಾತ್ರ.

ನೀವು ಓದಿದ 700 ಪಟ್ಟಿನದು ಬಹುಶಃ ಆರಿದ್ರಾ, ಬೆಟೆಲ್‌ಗೂಸ್. ಮಳೆಗೆ ಹೆಸರು ಕೊಟ್ಟದ್ದೇ ಅದು. ಅದನ್ನು ರಟ್ಟಿನ ಜಾಗದಲ್ಲಿಟ್ಟರೆ ಸುತ್ತಲೂ 190 ಮೀಟರ್ ಹಬ್ಬುತ್ತದೆ. ನಿಮ್ಮ ಕಾಳೂ, 89 ಮೀಟರ್ ದೂರದ ಮಂಗಳವೂ ಅದರ ಹೊಟ್ಟೆಯೊಳಗೆ. ತೂಕ ಮಾತ್ರ ಸೂರ್ಯನ 15ರಿಂದ 20 ಪಟ್ಟು, ಅಷ್ಟೇ. ಅಗಲ 700 ಪಟ್ಟು ಅಂದರೆ ಘನಗಾತ್ರ 34 ಕೋಟಿ ಪಟ್ಟು. ಅಷ್ಟು ಜಾಗಕ್ಕೆ ಇಷ್ಟೇ ಸರಕು ಹರಡಿದರೆ ಸರಾಸರಿ ಸಾಂದ್ರತೆ ನಾವು ಉಸಿರಾಡುವ ಗಾಳಿಯ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಕಮ್ಮಿ. ಅಂಚೂ ಮಸುಕು, ಅದಕ್ಕೇ ಒಬ್ಬೊಬ್ಬರ ಅಳತೆ ಒಂದೊಂದು ಥರ.

ಕಾರಣ, ನಕ್ಷತ್ರ ಗಟ್ಟಿ ಉಂಡೆಯಲ್ಲ, ಕಾದ ಅನಿಲ. ಗುರುತ್ವ ಒಳಕ್ಕೆ ಅದುಮುತ್ತದೆ, ಕಾವಿನ ಒತ್ತಡ ಹೊರಕ್ಕೆ ನೂಕುತ್ತದೆ. ಎರಡೂ ಸಮ ಆದಲ್ಲಿ ಗಾತ್ರ ನಿಲ್ಲುತ್ತದೆ. ಗರ್ಭದ ಹೈಡ್ರೋಜನ್ ತೀರಿದಾಗ ಗರ್ಭ ಕುಗ್ಗಿ ಇನ್ನಷ್ಟು ಕಾಯುತ್ತದೆ, ಹೊರಪದರ ಉಬ್ಬುತ್ತದೆ, ಉಬ್ಬಿದ್ದು ತಣಿದು ಕೆಂಪಾಗುತ್ತದೆ. ಆರಿದ್ರಾ ಈಗಿರುವುದು ಹಾಗೆ.

ತದ್ವಿರುದ್ಧದ್ದನ್ನೂ ತೋರಿಸಿ. ಲುಬ್ಧಕದ (ಸಿರಿಯಸ್ ನಕ್ಷತ್ರ) ಜೊತೆಗಾರ ಸಿರಿಯಸ್-ಬಿ ಒಂದು ಶ್ವೇತಕುಬ್ಜ, ಅಂದರೆ ಇಂಧನ ತೀರಿದ ನಕ್ಷತ್ರದ ಕುಗ್ಗಿದ ಗರ್ಭ. ಅದರ ಒಂದು ಘನ ಸೆಂ.ಮೀ. ಸರಕು ಎರಡು ಟನ್ ಮೀರುತ್ತದೆ. ಮಿಕ್ಕ ಒಂಬತ್ತು ಕಾಳಲ್ಲಿ ಕೊಂಚ ಸಣ್ಣದೊಂದನ್ನು ರಟ್ಟಿನ ಪಕ್ಕ ಅಂಟಿಸಿ. ನಿಜದಲ್ಲಿ ಸೂರ್ಯ, ಸಿರಿಯಸ್-ಬಿ ಎರಡರ ತೂಕವೂ ಹೆಚ್ಚುಕಮ್ಮಿ ಒಂದೇ.